ಫೈರ್‌ವಾಲ್‌ನಲ್ಲಿ ಐಪಿ ವಿಳಾಸ ಇಡಲು ಯಾವ ಸೆಟ್? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಭಾಗದಲ್ಲಿ ಲಿನಕ್ಸ್ ಗೇಟ್‌ವೇ ಇಟ್ಟುಕೊಂಡು ಕಾಲೇಜು ಲ್ಯಾಬ್, ಹಾಸ್ಟೆಲ್ ವೈಫೈ, ಲಾಡ್ಜ್, ಸಹಕಾರ ಸಂಘದ ಶಾಖೆಗಳು, ಊರಿನ ಕೇಬಲ್ ಇಂಟರ್ನೆಟ್ ನೋಡಿಕೊಳ್ಳುವವರಿಗಾಗಿ ಈ ಪುಟ. ಬಹುಪಾಲು ಉತ್ತರಗಳು ಐಪಿಸೆಟ್ ಬಗ್ಗೆ, ಅಂದರೆ ವಿಳಾಸಗಳ ಪಟ್ಟಿಯನ್ನು 'ಸೆಟ್' ಆಗಿ ಒಂದೇ ಹೆಸರಿನಲ್ಲಿ ಇಡುವ ಲಿನಕ್ಸ್ ಟೂಲ್ ಬಗ್ಗೆ. ಎನ್‌ಎಫ್‌ಟೇಬಲ್ಸ್ (ಲಿನಕ್ಸ್‌ನ ಹೊಸ ಫೈರ್‌ವಾಲ್), ಪಿಎಫ್ (ಬಿಎಸ್‌ಡಿಯ ಫೈರ್‌ವಾಲ್), ಮೈಕ್ರೋಟಿಕ್ (ರೂಟರ್) ಆಮೇಲೆ ಬರುತ್ತವೆ. ಕಮಾಂಡ್ ಮತ್ತು ಆಪ್ಷನ್‌ಗಳ ಹೆಸರು ಇಲ್ಲಿ ಕನ್ನಡ ಅಕ್ಷರದಲ್ಲಿವೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಹೊಡೆಯಬೇಕು. 203.0.113 ಮತ್ತು 198.51.100ರಿಂದ ಶುರುವಾಗುವ ವಿಳಾಸಗಳು ಉದಾಹರಣೆಗೆಂದೇ ಮೀಸಲಿಟ್ಟವು, ಯಾರ ಸರ್ವರೂ ಅಲ್ಲ.

ಒಂದೊಂದು ವಿಳಾಸಕ್ಕೆ ಒಂದೊಂದು ರೂಲ್ ಬರೆದರೆ ಆಗದೆ? ಸೆಟ್ ಯಾಕೆ?

ಹತ್ತಿಪ್ಪತ್ತು ವಿಳಾಸ ಇದ್ದರೆ ರೂಲ್‌ಗಳೇ ಸಾಕು, ಸೆಟ್ ಮಾಡುವ ಗೋಜಿಗೆ ಹೋಗಬೇಡಿ. ಲಿನಕ್ಸ್ ಫೈರ್‌ವಾಲ್ ಆದ ಐಪಿಟೇಬಲ್ಸ್ ರೂಲ್‌ಗಳನ್ನು ಮೇಲಿಂದ ಕೆಳಕ್ಕೆ ಒಂದೊಂದಾಗಿ ಹೋಲಿಸುತ್ತದೆ. 5000 ರೂಲ್ ಇದ್ದು ಪ್ಯಾಕೆಟ್ ಯಾವುದಕ್ಕೂ ಹೊಂದದಿದ್ದರೆ ಅಷ್ಟೂ ಹೋಲಿಕೆ ನಡೆದೇ ತೀರುತ್ತದೆ. ಅಂದರೆ ತಂಟೆ ಮಾಡದ ಗಿರಾಕಿಯ ಪ್ಯಾಕೆಟ್‌ಗೇ ಹೆಚ್ಚು ಖರ್ಚು. ಇನ್ನೊಂದು ತೊಂದರೆ ರೂಲ್ ಸೇರಿಸುವಾಗ ಆಗುತ್ತದೆ: ಹಳೆಯ ಐಪಿಟೇಬಲ್ಸ್ ಪ್ರತಿ ಸಲವೂ ಇಡೀ ಟೇಬಲ್ಲನ್ನು ಕರ್ನಲ್‌ನಿಂದ ಓದಿ, ಬದಲಿಸಿ, ಮತ್ತೆ ಇಡಿಯಾಗಿ ಬರೆಯುತ್ತದೆ. ಸ್ಕ್ರಿಪ್ಟ್ ಶುರುವಿನಲ್ಲಿ ಸರಸರನೆ ಓಡಿ ಕೊನೆಕೊನೆಗೆ ತೆವಳುವುದು ಇದರಿಂದಲೇ.

ಸೆಟ್ ಇದ್ದರೆ ರೂಲ್ ಒಂದೇ: 'ಈ ಪ್ಯಾಕೆಟ್‌ನ ವಿಳಾಸ ಆ ಸೆಟ್‌ನಲ್ಲಿದ್ದರೆ ಡ್ರಾಪ್ ಮಾಡು, ಅಂದರೆ ಬಿಸಾಡು'. ವಿಳಾಸಗಳು ಬಂದು ಹೋಗುತ್ತಿದ್ದರೂ ರೂಲ್ ಮುಟ್ಟಬೇಕಿಲ್ಲ. ಯೋಸೆಫ್ ಕಾಡ್ಲೆಚಿಕ್ ಬರೆದ ಐಪಿಸೆಟ್ 2011ರಲ್ಲಿ 2.6.39ನೇ ಲಿನಕ್ಸ್ ಕರ್ನಲ್ ಜೊತೆಗೇ ಬಂತು. ಹಾಗಾಗಿ ಈಗ ಯಾವ ಡಿಸ್ಟ್ರೋದಲ್ಲೂ ಕರ್ನಲ್ ಪ್ಯಾಚ್ ಮಾಡುವ ಅಗತ್ಯವಿಲ್ಲ.

ಸೆಟ್‌ನ ಟೈಪ್ ಆರಿಸುವ ಮೊದಲು ನನ್ನ ಪಟ್ಟಿಯಲ್ಲಿ ಏನು ನೋಡಬೇಕು?

ಎಷ್ಟು ಎಂಟ್ರಿ ಇದೆ ಎಂಬುದನ್ನಲ್ಲ, ಎಂಟ್ರಿಗಳು ಯಾವ ಬಗೆಯವು ಎಂಬುದನ್ನು. ಬಹಳ ಜನ ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಸಾವಿರದ ಲೆಕ್ಕದ ಪಟ್ಟಿಯಲ್ಲಿ ಟೈಪ್‌ಗಳ ನಡುವಿನ ವೇಗದ ವ್ಯತ್ಯಾಸ ನಿಮ್ಮ ಗಮನಕ್ಕೇ ಬರುವುದಿಲ್ಲ. ತಪ್ಪು ಟೈಪ್‌ನಿಂದ ಕೆಡುವುದು ಬೇರೆಯದೇ: ಬೇಡದ ವಿಳಾಸ ಬ್ಲಾಕ್ ಆಗುತ್ತದೆ, ಬೇಕಾದ್ದು ಹೊಂದುವುದಿಲ್ಲ, ಇಲ್ಲವೇ ಸೆಟ್ ತುಂಬಿ ಅರ್ಧ ಪಟ್ಟಿ ಹೊರಗುಳಿಯುತ್ತದೆ.

ಪಟ್ಟಿ ತೆರೆದು ಹೀಗೆ ನೋಡಿ. ಬರೀ ಬಿಡಿ ವಿಳಾಸಗಳೇ? ಹ್ಯಾಶ್:ಐಪಿ. ಎಲ್ಲವೂ ಒಂದೇ ಅಳತೆಯ ಸಬ್‌ನೆಟ್‌ಗಳೇ (ಪಕ್ಕಪಕ್ಕದ ವಿಳಾಸಗಳ ಗುಂಪುಗಳೇ), ಉದಾಹರಣೆಗೆ ಎಲ್ಲವೂ /24? ಹ್ಯಾಶ್:ಐಪಿಗೇ ನೆಟ್‌ಮಾಸ್ಕ್ ಆಪ್ಷನ್ ಕೊಟ್ಟು ಇಡಬಹುದು. /32, /24, /19 ಎಲ್ಲ ಬೆರೆತಿವೆಯೇ? ಹ್ಯಾಶ್:ನೆಟ್. ಎಲ್ಲ ವಿಳಾಸವೂ ನಿಮ್ಮದೇ ಲ್ಯಾನ್‌ನೊಳಗಿನವೇ? ಬಿಟ್‌ಮ್ಯಾಪ್:ಐಪಿ. ವಿಳಾಸದ ಜೊತೆ ಪೋರ್ಟ್, ಮ್ಯಾಕ್ (ಸಾಧನದ ನೆಟ್‌ವರ್ಕ್ ಗುರುತು), ಇಂಟರ್‌ಫೇಸ್ (ನೆಟ್‌ವರ್ಕ್ ಕಾರ್ಡ್) ಕೂಡ ಸೇರಬೇಕೇ? ಜೋಡಿ ಟೈಪ್‌ಗಳು.

ಎಂಟ್ರಿಗಳು ತಾವಾಗಿ ಬಂದು ತಾವಾಗಿ ಹೋಗಬೇಕೇ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಸೆಟ್ ಮಾಡುವಾಗ ಟೈಮ್‌ಔಟ್ (ಎಂಟ್ರಿ ಉಳಿಯುವ ಅವಧಿ) ಕೊಡದಿದ್ದರೆ ಆಮೇಲೆ ಎಂಟ್ರಿಗೆ ಟೈಮ್‌ಔಟ್ ಹಾಕಲು ಆಗುವುದಿಲ್ಲ.

ಹ್ಯಾಶ್:ಐಪಿಗೆ ಒಂದು /16 ಸೇರಿಸಿದೆ. ಎರರ್ ಬರಲಿಲ್ಲ. ಸರಿ ತಾನೆ?

ಸೇರಿದೆ, ಆದರೆ ನೀವು ಅಂದುಕೊಂಡ ಹಾಗಲ್ಲ. ಹ್ಯಾಶ್:ಐಪಿ ಸಬ್‌ನೆಟ್ಟನ್ನು ಸಬ್‌ನೆಟ್ ಆಗಿ ಇಟ್ಟುಕೊಳ್ಳುವುದಿಲ್ಲ. ಬಿಡಿಸಿ, ಒಂದೊಂದು ವಿಳಾಸವನ್ನೂ ಬೇರೆ ಬೇರೆ ಎಂಟ್ರಿಯಾಗಿ ಇಡುತ್ತದೆ. /24 ಹಾಕಿದರೆ 256 ಎಂಟ್ರಿ, /16 ಹಾಕಿದರೆ 65,536. ಸೆಟ್‌ನ ಗರಿಷ್ಠ ಮಿತಿ, ಅಂದರೆ ಮ್ಯಾಕ್ಸ್‌ಎಲೆಮ್, ಬೇರೆ ಹೇಳದಿದ್ದರೆ ಅದೂ 65,536. ಹಾಗಾಗಿ ಮೊದಲ /16 ಸರಿಯಾಗಿ ಹಿಡಿಸಿ, ಅದರ ಮುಂದಿನ ಒಂದೇ ಒಂದು ಬಿಡಿ ವಿಳಾಸಕ್ಕೆ 'ಸೆಟ್ ತುಂಬಿದೆ' ಎಂಬ ಎರರ್ ಬರುತ್ತದೆ. ಆಗ ತಪ್ಪು ಆ ಬಿಡಿ ವಿಳಾಸದ್ದು ಎಂದುಕೊಂಡು ಹುಡುಕುತ್ತಾ ಕೂರುವವರೇ ಜಾಸ್ತಿ.

ನೆಟ್‌ಮಾಸ್ಕ್ ಕೊಟ್ಟ ಹ್ಯಾಶ್:ಐಪಿ ಬೇರೆ ವಿಷಯ. ಮಂಡ್ಯದಲ್ಲಿ ಮುಖ್ಯ ಕಚೇರಿ, ಮದ್ದೂರು, ಮಳವಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆಯಲ್ಲಿ ಶಾಖೆ ಇರುವ ಸಂಘ ಅಂದುಕೊಳ್ಳಿ. ಒಂದೊಂದು ಊರಿಗೆ 10.20.1.0ರಿಂದ 10.20.7.0ರವರೆಗೆ ಒಂದೊಂದು /24. ನೆಟ್‌ಮಾಸ್ಕ್ 24 ಎಂದು ಸೆಟ್ ಮಾಡಿದರೆ ಬರೀ ಏಳು ಎಂಟ್ರಿ, ಪ್ರತಿ ಪ್ಯಾಕೆಟ್‌ಗೂ ಒಂದೇ ಹುಡುಕಾಟ. ಆದರೆ ಹುಷಾರು: ಈ ಸೆಟ್‌ಗೆ 'ಪಾಂಡವಪುರದ ಮ್ಯಾನೇಜರ್ ಕಂಪ್ಯೂಟರ್ ಮಾತ್ರ' ಎಂದು 10.20.4.15 ಸೇರಿಸಿದರೆ ಅದು 10.20.4.0 ಆಗಿ ಕೂರುತ್ತದೆ, ಇಡೀ ಶಾಖೆಗೆ ಬಾಗಿಲು ತೆಗೆದಂತೆ. ಎರರ್ ಬರುವುದಿಲ್ಲ. ಲಿಸ್ಟ್ ತೆಗೆದು ನೋಡಿದರಷ್ಟೇ ಗೊತ್ತಾಗುತ್ತದೆ.

ಹಾಗಾದರೆ ಎಲ್ಲಕ್ಕೂ ಹ್ಯಾಶ್:ನೆಟ್ ಹಾಕಿಬಿಟ್ಟರೆ?

ಕೈಯಲ್ಲಿ ಇಟ್ಟುಕೊಳ್ಳುವ ಬ್ಲಾಕ್‌ಲಿಸ್ಟ್, ವೈಟ್‌ಲಿಸ್ಟ್‌ಗಳಿಗೆ ನಮ್ಮ ಸಲಹೆಯೂ ಅದೇ. ಅದರ ಒಳಗುಟ್ಟು ಗೊತ್ತಿದ್ದರೆ ಸಾಕು.

ಹ್ಯಾಶ್:ನೆಟ್‌ನಲ್ಲಿ ಹುಡುಕುವ ಸಮಯ ಎಂಟ್ರಿಗಳ ಸಂಖ್ಯೆಗಿಂತ ಎಷ್ಟು ಬಗೆಯ ಪ್ರಿಫಿಕ್ಸ್ (/24ರಂಥ ಸಬ್‌ನೆಟ್ ಅಳತೆ; /32 ಎಂದರೆ ಒಂದೇ ವಿಳಾಸ) ಇದೆ ಎಂಬುದನ್ನು ಅವಲಂಬಿಸಿದೆ. ಗೊಂಚಲಲ್ಲಿರುವ ಕೀಗಳನ್ನು ಒಂದೊಂದಾಗಿ ಬೀಗಕ್ಕೆ ಹಾಕಿ ನೋಡಿದ ಹಾಗೆ ಅದು ಮೊದಲು /32 ಎಂದು ಹುಡುಕುತ್ತದೆ, ಸಿಗದಿದ್ದರೆ /24 ಎಂದು, ಆಮೇಲೆ /19 ಎಂದು, ಹೀಗೆ ಚಿಕ್ಕದರಿಂದ ದೊಡ್ಡದಕ್ಕೆ. ಒಂದು ಲಕ್ಷ ಎಂಟ್ರಿ ಇದ್ದು ಎಲ್ಲವೂ /24 ಆಗಿದ್ದರೆ ಒಂದೇ ಹುಡುಕಾಟ. ಮೂವತ್ತೇ ಎಂಟ್ರಿ ಇದ್ದು ಮೂವತ್ತು ಬಗೆಯ ಪ್ರಿಫಿಕ್ಸ್ ಇದ್ದರೆ ಮೂವತ್ತು ಹುಡುಕಾಟ. ಐಪಿವಿ4ರಲ್ಲಿ ಇದು ಹೆಚ್ಚೆಂದರೆ 32, ಆದ್ದರಿಂದ ಸಾಮಾನ್ಯ ಕಚೇರಿಯ ಗೇಟ್‌ವೇಗೆ ಭಾರವಲ್ಲ. ಎರಡೂ ಕಡೆ ಸಬ್‌ನೆಟ್ ಇರುವ ಹ್ಯಾಶ್:ನೆಟ್,ನೆಟ್‌ನಲ್ಲಿ ಮಾತ್ರ ಮೊದಲ ಭಾಗದ ಪ್ರತಿ ಪ್ರಿಫಿಕ್ಸ್‌ಗೂ ಎರಡನೇ ಭಾಗದ ಎಲ್ಲ ಪ್ರಿಫಿಕ್ಸ್ ನೋಡಬೇಕಾಗುವುದರಿಂದ ಅಳತೆಗಳನ್ನು ಕಡಿಮೆ ಬಗೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

/0 ಅನ್ನು ಹ್ಯಾಶ್:ನೆಟ್ ಒಪ್ಪುವುದಿಲ್ಲ. ಇಡೀ ಇಂಟರ್ನೆಟ್ ಬೇಕೆಂದರೆ 0.0.0.0/1 ಮತ್ತು 128.0.0.0/1 ಎಂದು ಎರಡು ಎಂಟ್ರಿ ಹಾಕಿ.

ಒಂದರೊಳಗೊಂದು ಬರುವ ಎಂಟ್ರಿಗಳನ್ನು ಕರ್ನಲ್ ಪರೀಕ್ಷಿಸುವುದಿಲ್ಲ. 203.0.113.0/24 ಇರುವಾಗಲೇ 203.0.113.40 ಅನ್ನೂ ಸೇರಿಸಬಹುದು, ಎರಡೂ ಉಳಿಯುತ್ತವೆ. ತೆಗೆಯುವಾಗ ಸೇರಿಸಿದ ರೂಪದಲ್ಲೇ ತೆಗೆಯಬೇಕು. /24 ಮಾತ್ರ ಇದ್ದಾಗ 203.0.113.40 ಡಿಲೀಟ್ ಮಾಡು ಎಂದರೆ 'ಅಂಥ ಎಂಟ್ರಿ ಇಲ್ಲ' ಎನ್ನುತ್ತದೆ, ಟೆಸ್ಟ್ ಮಾಡಿದರೆ ಮಾತ್ರ 'ಇದೆ' ಎನ್ನುತ್ತದೆ. ಎರಡೂ ಸರಿಯೇ.

/24 ಪೂರ್ತಿ ಬ್ಲಾಕ್ ಆಗಬೇಕು, ಅದರಲ್ಲಿ ಒಂದು ಸರ್ವರ್ ಮಾತ್ರ ಬಿಡಬೇಕು. ಹೇಗೆ?

ಹ್ಯಾಶ್:ನೆಟ್‌ಗೆ /24 ಸೇರಿಸಿ, ಆಮೇಲೆ ಆ ಒಂದು ವಿಳಾಸವನ್ನು ನೋಮ್ಯಾಚ್ ಎಂಬ ಪದದ ಜೊತೆ ಸೇರಿಸಿ. ಚಿಕ್ಕ ಸಬ್‌ನೆಟ್ ಮೊದಲು ನೋಡುವುದರಿಂದ ಆ ವಿಳಾಸ ಸೆಟ್‌ನಲ್ಲಿ ಇಲ್ಲದಂತೆ ನಡೆಯುತ್ತದೆ. ನೋಮ್ಯಾಚ್ ಎಂದರೆ ಅಕ್ಸೆಪ್ಟ್ ಅಲ್ಲ. ಪ್ಯಾಕೆಟ್ ಮುಂದಿನ ರೂಲ್‌ಗೆ ಹೋಗುತ್ತದೆ, ಅಲ್ಲಿ ಡ್ರಾಪ್ ಇದ್ದರೆ ಡ್ರಾಪೇ.

10ರಿಂದ 20ರವರೆಗಿನ ವಿಳಾಸ ಬೇಕು. ರೇಂಜ್ ಕೊಡಬಹುದೇ?

ಐಪಿವಿ4ಗೆ ಕೊಡಬಹುದು. ಹ್ಯಾಶ್:ನೆಟ್ ಅದನ್ನು ತಾನೇ ಸಬ್‌ನೆಟ್‌ಗಳಾಗಿ ಒಡೆಯುತ್ತದೆ. 192.168.5.10ರಿಂದ 192.168.5.20 ಎಂದರೆ ಒಳಗೆ ಆಗುವುದು ಇಷ್ಟು: 10/31, 12/30, 16/30, 20/32. ಹನ್ನೊಂದು ವಿಳಾಸಕ್ಕೆ ನಾಲ್ಕು ಎಂಟ್ರಿ, ಮೂರು ಬಗೆಯ ಪ್ರಿಫಿಕ್ಸ್. ರೇಂಜ್ ಅನ್ನು 8ರಿಂದ 23ಕ್ಕೆ ಹಿಗ್ಗಿಸಿದರೆ 8/29 ಮತ್ತು 16/29, ಎರಡೇ ಎಂಟ್ರಿ, ಒಂದೇ ಬಗೆ. ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ವಿಳಾಸ ಕೊಡುವ) ಪೂಲ್ ಹಂಚುವ ಮೊದಲೇ 8, 16, 32, 64ರ ಗಡಿಗೆ ಹೊಂದಿಸಿ ಹಂಚಿದರೆ ಮುಂದೆ ಫೈರ್‌ವಾಲ್ ಬರೆಯುವವರಿಗೆ ನೆಮ್ಮದಿ.

ಬಿಟ್‌ಮ್ಯಾಪ್ ಹಳೆಯದಾಯಿತಲ್ಲವೇ? ಈಗಲೂ ಪ್ರಯೋಜನ ಇದೆಯೇ?

ನಿಮ್ಮದೇ ಲ್ಯಾನ್‌ಗೆ ಇದೆ. ಸೆಟ್ ಮಾಡುವಾಗಲೇ ರೇಂಜ್ ಹೇಳಬೇಕು. ಗರಿಷ್ಠ 65,536 ವಿಳಾಸ, ಐಪಿವಿ4 ಮಾತ್ರ. ಟೈಮ್‌ಔಟ್, ಕೌಂಟರ್ ಇಲ್ಲದ ಬಿಟ್‌ಮ್ಯಾಪ್ ಒಂದು ವಿಳಾಸಕ್ಕೆ ಒಂದು ಬಿಟ್ ತೆಗೆದುಕೊಳ್ಳುತ್ತದೆ, ಇಡೀ 192.168.0.0/16ಕ್ಕೆ 8 ಕಿಲೋಬೈಟ್. ತುಂಬುವ, ಹ್ಯಾಶ್ ಹಿಗ್ಗುವ ಮಾತೇ ಇಲ್ಲ. ನೆಟ್‌ಮಾಸ್ಕ್ 24 ಕೊಟ್ಟರೆ 10.0.0.0/8ರ ಎಲ್ಲ /24ಗಳೂ ಕರಾರುವಾಕ್ಕಾಗಿ 65,536 ಆಗಿ ಒಂದೇ ಸೆಟ್‌ನಲ್ಲಿ ಕೂರುತ್ತವೆ. ಹೊರಗಿನ ಇಂಟರ್ನೆಟ್ ವಿಳಾಸಗಳಿಗೆ ಇದನ್ನು ಬಳಸಲಾಗದು, ರೇಂಜ್ ಮೀರಿದ ವಿಳಾಸ ಸೇರಿಸಿದರೆ ಎರರ್ ಬರುತ್ತದೆ.

ಹಾಸ್ಟೆಲ್ ವೈಫೈಗೆ ಐಪಿ ಮತ್ತು ಮ್ಯಾಕ್ ಕಟ್ಟಿಹಾಕಬೇಕು.

ಬಿಟ್‌ಮ್ಯಾಪ್:ಐಪಿ,ಮ್ಯಾಕ್ ಇದಕ್ಕೆಂದೇ ಇದೆ. ಮ್ಯಾಕ್ ಕೊಡದೆ ಬರೀ ಐಪಿ ಸೇರಿಸಿದರೆ, ಆ ಐಪಿಯಿಂದ ಬಂದು ಹೊಂದುವ ಮೊದಲ ಪ್ಯಾಕೆಟ್‌ನ ಮ್ಯಾಕ್ಕನ್ನು ಕರ್ನಲ್ ತಾನೇ ತುಂಬಿಕೊಳ್ಳುತ್ತದೆ. ಇನ್ನೂರು ಹುಡುಗರ ಮ್ಯಾಕ್ ಕೇಳಿ ಬರೆದುಕೊಳ್ಳುವ ಕೆಲಸ ತಪ್ಪುತ್ತದೆ.

ಎರಡು ಕಡೆ ಇದು ಕೈಕೊಡುತ್ತದೆ. ಮ್ಯಾಕ್ ವಿಳಾಸ ರೂಟರ್ ದಾಟಿ ಬರುವುದಿಲ್ಲ. ಹಾಸ್ಟೆಲ್ ಬ್ಲಾಕ್ ಮತ್ತು ನಿಮ್ಮ ಗೇಟ್‌ವೇ ನಡುವೆ ಇನ್ನೊಂದು ರೂಟರ್ ಅಥವಾ ಲೇಯರ್ 3 ಸ್ವಿಚ್ ಇದ್ದರೆ ಎಲ್ಲರ ಮ್ಯಾಕ್ ಜಾಗದಲ್ಲೂ ಆ ಸಾಧನದ ಮ್ಯಾಕ್ ಒಂದೇ ಕಾಣುತ್ತದೆ. ಇನ್ನೊಂದು, ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದೀಚೆಗೆ ಫೋನ್‌ಗಳು ವೈಫೈಗೆ ನಿಜವಾದ ಮ್ಯಾಕ್ ಬದಲು ಬೇರೊಂದನ್ನು ತೋರಿಸುತ್ತವೆ. ಹುಡುಗ 'ಈ ನೆಟ್‌ವರ್ಕ್ ಮರೆತುಬಿಡು' ಒತ್ತಿ ಮತ್ತೆ ಸೇರಿದರೆ ಮ್ಯಾಕ್ ಬದಲಾಗಬಹುದು, ವಾರ್ಡನ್‌ಗೆ ದೂರು ಬರುತ್ತದೆ. ದೊಡ್ಡ ಹಾಸ್ಟೆಲ್ ಆದರೆ ಮ್ಯಾಕ್ ಪಟ್ಟಿ ಬಿಟ್ಟು ಲಾಗಿನ್ ಇಡುವುದೇ ಲೇಸು.

ಐಪಿ ಮತ್ತು ಪೋರ್ಟ್ ಜೋಡಿ ಹಾಕಿದ್ದೇನೆ, ಯಾವುದೂ ಹೊಂದುತ್ತಿಲ್ಲ. ಕೌಂಟರ್ ಸೊನ್ನೆ.

ನೂರಕ್ಕೆ ತೊಂಬತ್ತು ಪಾಲು ದಿಕ್ಕಿನ ತಪ್ಪು. ಸೆಟ್‌ನಲ್ಲಿ ಎಷ್ಟು ಭಾಗ ಇದೆಯೋ ರೂಲ್‌ನಲ್ಲಿ ಅಷ್ಟು ದಿಕ್ಕು ಹೇಳಬೇಕು, ಅದೇ ಅನುಕ್ರಮದಲ್ಲಿ. 198.51.100.7ರಿಂದ ಬರುವ ಅಡ್ಮಿನ್‌ಗೆ ಸರ್ವರ್‌ನ 22ನೇ ಪೋರ್ಟ್ ತೆರೆಯಬೇಕು ಅಂದರೆ ವಿಳಾಸ ಬರುವ ಕಡೆಯದು, ಪೋರ್ಟ್ ಸೇರುವ ಕಡೆಯದು. ಹಾಗಾಗಿ 'ಎಸ್‌ಆರ್‌ಸಿ,ಡಿಎಸ್‌ಟಿ'. ಅಭ್ಯಾಸಬಲದಿಂದ 'ಎಸ್‌ಆರ್‌ಸಿ,ಎಸ್‌ಆರ್‌ಸಿ' ಹಾಕಿದರೆ ಅಡ್ಮಿನ್ ಕಂಪ್ಯೂಟರ್ ತನಗೆ ತೋಚಿದಂತೆ ಆರಿಸಿಕೊಂಡ 50 ಸಾವಿರ ಚಿಲ್ಲರೆ ಪೋರ್ಟ್ ಜೊತೆ 22 ಅನ್ನು ಹೋಲಿಸುತ್ತದೆ. ಎಂದೂ ಹೊಂದದು.

ದಿಕ್ಕು ಸರಿ ಇದ್ದೂ ಹೊಂದದಿದ್ದರೆ ಪ್ರೋಟೋಕಾಲ್ ನೋಡಿ. ಬರೀ 53 ಎಂದು ಬರೆದರೆ ಅದು ಟಿಸಿಪಿ 53. ಡಿಎನ್‌ಎಸ್‌ಗೆ ಯುಡಿಪಿ:53 ಎಂದು ಬೇರೆ ಎಂಟ್ರಿ ಬೇಕು, ಟಿಸಿಪಿಯದ್ದೂ ಇರಲಿ.

ಇಂಟರ್‌ಫೇಸ್ ಜೋಡಿ, ಅಂದರೆ ಹ್ಯಾಶ್:ನೆಟ್,ಐಫೇಸ್, ಸುಳ್ಳು ವಿಳಾಸ ಹಿಡಿಯಲು ಚೆನ್ನ: ಯಾವ ಸಬ್‌ನೆಟ್ ಯಾವ ಕಾರ್ಡ್‌ನಿಂದ ಬರಬೇಕೋ ಬರೆದಿಟ್ಟು, ಹೊಂದದ್ದನ್ನು ಡ್ರಾಪ್ ಮಾಡಿ. ಇಲ್ಲಿ ಎಸ್‌ಆರ್‌ಸಿ ಎಂದರೆ ಒಳಬರುವ ಕಾರ್ಡ್, ಡಿಎಸ್‌ಟಿ ಎಂದರೆ ಹೊರಹೋಗುವ ಕಾರ್ಡ್.

'ಹ್ಯಾಶ್ ತುಂಬಿದೆ' ಎಂದು ಬರುತ್ತಿದೆ. ಹ್ಯಾಶ್‌ಸೈಜ್ ಹೆಚ್ಚಿಸಿದರೂ ಹೋಗಲಿಲ್ಲ.

ಎರಡೂ ಬೇರೆ. ಹ್ಯಾಶ್‌ಸೈಜ್ ಬರೀ ಆರಂಭದ ಅಳತೆ: ಸುಮ್ಮನೆ ಬಿಟ್ಟರೆ 1024, ಎರಡರ ಘಾತವಲ್ಲದಿದ್ದರೆ ಕರ್ನಲ್ ತಾನೇ ಸರಿಮಾಡುತ್ತದೆ, ಬೇಕಾದಾಗ ಇಮ್ಮಡಿಯಾಗುತ್ತಾ ಹೋಗುತ್ತದೆ. ನಿಮ್ಮನ್ನು ತಡೆಯುತ್ತಿರುವುದು ಮ್ಯಾಕ್ಸ್‌ಎಲೆಮ್. ಅದನ್ನು ಸೆಟ್ ಹುಟ್ಟಿದ ಮೇಲೆ ಬದಲಿಸಲಾಗದು. ದೊಡ್ಡ ಮ್ಯಾಕ್ಸ್‌ಎಲೆಮ್ ಇರುವ ಹೊಸ ಸೆಟ್ ಮಾಡಿ, ತುಂಬಿ, ಸ್ವಾಪ್ ಮಾಡಿ.

ಹ್ಯಾಶ್‌ಸೈಜ್ ನಿಜಕ್ಕೂ ಲೆಕ್ಕಕ್ಕೆ ಬರುವುದು ಒಂದು ಕಡೆ. ಐಪಿಟೇಬಲ್ಸ್‌ನ ಸೆಟ್ ಟಾರ್ಗೆಟ್ ಮೂಲಕ, ಅಂದರೆ ಪ್ಯಾಕೆಟ್ ಬಂದಾಗ ರೂಲೇ ವಿಳಾಸ ಸೇರಿಸುವಾಗ, ಹ್ಯಾಶ್ ಹಿಗ್ಗುವುದಿಲ್ಲ. ಜಾಗ ಸಿಗದಿದ್ದರೆ ಎಂಟ್ರಿ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಅಂಥ ಸೆಟ್‌ಗೆ ಮೊದಲೇ 16,384 ಅಥವಾ ಅದಕ್ಕೂ ದೊಡ್ಡ ಹ್ಯಾಶ್‌ಸೈಜ್ ಕೊಡಿ. ಫೋರ್ಸ್‌ಆ್ಯಡ್ ಎಂಬ ಆಪ್ಷನ್ ಇದೆ. ಸೆಟ್ ತುಂಬಿದಾಗ ಯಾವುದೋ ಒಂದು ಹಳೆಯ ಎಂಟ್ರಿ ಕಿತ್ತು ಹೊಸದಕ್ಕೆ ಜಾಗ ಮಾಡುತ್ತದೆ. ದಾಳಿಕೋರರ ಪಟ್ಟಿಗೆ ಪರವಾಗಿಲ್ಲ, ವೈಟ್‌ಲಿಸ್ಟ್‌ಗೆ ಮಾತ್ರ ಖಂಡಿತ ಬೇಡ.

ಪಾಸ್‌ವರ್ಡ್ ಊಹಿಸುವವರನ್ನು ಎಷ್ಟು ಹೊತ್ತು ಬ್ಲಾಕ್ ಮಾಡಬೇಕು?

ಹ್ಯಾಶ್:ಐಪಿ, ಟೈಮ್‌ಔಟ್ 3600 ಸೆಕೆಂಡಿನಿಂದ ಶುರು ಮಾಡಿ. ತಿರುಗಿ ಬಂದವರಿಗೆ ಒಂದು ದಿನ. ಲಾಗ್ ನೋಡಿ ತಾನೇ ಬ್ಲಾಕ್ ಮಾಡುವ ಫೇಲ್‌ಟುಬ್ಯಾನ್ ಬಳಸುವವರು ಅದರ ಐಪಿಸೆಟ್ ಅಥವಾ ಎನ್‌ಎಫ್‌ಟೇಬಲ್ಸ್ ಆ್ಯಕ್ಷನ್ ಆರಿಸಿಕೊಂಡರೆ ಸೆಟ್ ಅದೇ ನೋಡಿಕೊಳ್ಳುತ್ತದೆ.

ಶಾಶ್ವತ ಬ್ಲಾಕ್ ಮೇಲೆ ಬಹಳ ಜನಕ್ಕೆ ಮೋಹ. ಅದು ಅಪಾಯ. ಇಲ್ಲಿಯ ಮೊಬೈಲ್ ಇಂಟರ್ನೆಟ್ಟೂ, ಎಷ್ಟೋ ಕೇಬಲ್ ಸಂಪರ್ಕಗಳೂ ಒಂದೇ ಪಬ್ಲಿಕ್ ಐಪಿವಿ4 ವಿಳಾಸದ ಹಿಂದೆ ಹತ್ತಾರು ನೂರಾರು ಗಿರಾಕಿಗಳನ್ನು ಇಡುತ್ತವೆ. ವೈರಸ್ ಹತ್ತಿದ ಒಂದು ಫೋನ್‌ನಿಂದಾಗಿ ಆ ವಿಳಾಸವನ್ನು ಬ್ಲಾಕ್ ಮಾಡಿದರೆ, ನಿಮ್ಮ ಕಾಲೇಜಿನ ಫಲಿತಾಂಶ ನೋಡಲು ಬಂದವರಿಗೂ ಪುಟ ತೆರೆಯುವುದಿಲ್ಲ.

ಐಪಿಸೆಟ್ ಒಪ್ಪುವ ಗರಿಷ್ಠ ಟೈಮ್‌ಔಟ್ 21,47,483 ಸೆಕೆಂಡ್, ಹತ್ತಿರ ಹತ್ತಿರ 24.8 ದಿನ. 'ಒಂದು ತಿಂಗಳು' ಎಂದು 25,92,000 ಕೊಟ್ಟರೆ ಒಪ್ಪುವುದಿಲ್ಲ. ಟೈಮ್‌ಔಟ್ 0 ಎಂದರೆ ಆ ಎಂಟ್ರಿ ಖಾಯಂ.

ಸೆಟ್ ದಾಖಲೆಯಲ್ಲ ಎಂಬುದೂ ನೆನಪಿರಲಿ, ಎಂಟ್ರಿ ಮುಗಿದ ಮೇಲೆ ಗುರುತು ಉಳಿಯದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ಆದ್ದರಿಂದ ಡ್ರಾಪ್‌ಗೆ ಮುಂಚೆ ಮಿತಿ ಹಾಕಿದ ಲಾಗ್ ರೂಲ್ ಒಂದಿರಲಿ.

ಐಪಿವಿ6ಗೆ ಅದೇ ಸೆಟ್ ಸಾಕೇ?

ಸಾಲದು. ಒಂದು ಸೆಟ್‌ಗೆ ಒಂದೇ ಫ್ಯಾಮಿಲಿ, ಐಪಿವಿ4 ಇಲ್ಲವೇ ಐಪಿವಿ6. ಇನೆಟ್6 ಎಂದು ಬೇರೆ ಸೆಟ್ ಮಾಡಿ ಐಪಿ6ಟೇಬಲ್ಸ್‌ನಲ್ಲಿ ರೂಲ್ ಹಾಕಬೇಕು. ಬಿಡಿ ವಿಳಾಸ ಬ್ಲಾಕ್ ಮಾಡುವುದು ಇಲ್ಲಿ ವ್ಯರ್ಥ, ಸಾಧನಗಳು ತಮ್ಮ /64ರೊಳಗೆ ವಿಳಾಸ ಬದಲಿಸುತ್ತಲೇ ಇರುತ್ತವೆ. ನೆಟ್‌ಮಾಸ್ಕ್ 64 ಕೊಟ್ಟ ಹ್ಯಾಶ್:ಐಪಿ ಮಾಡಿಟ್ಟರೆ ಯಾವ ವಿಳಾಸ ಸೇರಿಸಿದರೂ ಅದರ /64 ಆಗಿ ಕೂರುತ್ತದೆ. ನೆಟ್‌ಮಾಸ್ಕ್‌ನ ಗುಣ ಶಾಖೆಗಳ ಉದಾಹರಣೆಯಲ್ಲಿ ಕಾಟ ಕೊಟ್ಟಿತ್ತು, ಇಲ್ಲಿ ಅದೇ ಉಪಕಾರ.

ಪಟ್ಟಿ ದಿನಾ ಬದಲಾಗುತ್ತದೆ. ಖಾಲಿ ಮಾಡಿ ತುಂಬುವ ನಡುವೆ ಫೈರ್‌ವಾಲ್ ತೆರೆದಿರುತ್ತದಲ್ಲ?

ಹೌದು, ಅದಕ್ಕೇ ಫ್ಲಷ್ ಮಾಡಿ ತುಂಬಬೇಡಿ. ಕ್ರಮ ಹೀಗಿರಲಿ:

1. ಅದೇ ಟೈಪ್, ಅದೇ ಫ್ಯಾಮಿಲಿಯ ತಾತ್ಕಾಲಿಕ ಸೆಟ್ ಒಂದನ್ನು ಮಾಡಿ. ಹೆಸರು 31 ಅಕ್ಷರ ಮೀರಬಾರದು. 'ಹಳೆಯ ಹೆಸರು + ತಾತ್ಕಾಲಿಕ' ಎಂದು ಸ್ಕ್ರಿಪ್ಟ್ ಜೋಡಿಸುವಾಗ ಇದು ಮೀರುತ್ತದೆ.
2. ಇಳಿಸಿಕೊಂಡ ಪಟ್ಟಿಯನ್ನು ಪರೀಕ್ಷಿಸಿ. ಸಾಲುಗಳ ಸಂಖ್ಯೆ ನಿನ್ನೆಯದರ ಅರ್ಧಕ್ಕಿಂತ ಕಡಿಮೆ ಇದ್ದರೆ ಅಲ್ಲಿಗೇ ನಿಲ್ಲಿಸಿ. ಡೌನ್‌ಲೋಡ್ ಕೆಟ್ಟು ಬಂದ 'ಪುಟ ಸಿಗಲಿಲ್ಲ' ಎಂಬ ಎಚ್‌ಟಿಎಂಎಲ್ ಕೂಡ ಒಂದು ಫೈಲೇ. ವಿಂಡೋಸ್‌ನಲ್ಲಿ ತಿದ್ದಿದ ಫೈಲ್ ಆದರೆ ಸಾಲಿನ ಕೊನೆಯ ಕಾಣದ ಅಕ್ಷರ ತೆಗೆಯಿರಿ.
3. 'ಆ್ಯಡ್' ಸಾಲುಗಳ ಒಂದೇ ಫೈಲ್ ಮಾಡಿ ರೀಸ್ಟೋರ್‌ಗೆ ಕೊಡಿ. ಲೂಪ್‌ನಲ್ಲಿ ಒಂದೊಂದು ಸಲ ಐಪಿಸೆಟ್ ಕರೆದರೆ ಐವತ್ತು ಸಾವಿರ ಸಾಲಿಗೆ ಐವತ್ತು ಸಾವಿರ ಪ್ರೋಸೆಸ್ ಹುಟ್ಟುತ್ತದೆ. ಒಂದೇ ವಿಳಾಸ ಎರಡು ಸಲ ಇದ್ದರೆ ನಿಲ್ಲದಿರಲು ಎಕ್ಸಿಸ್ಟ್ ಆಪ್ಷನ್ ಹಾಕಿ.
4. ಸ್ವಾಪ್. ಎರಡು ಸೆಟ್‌ಗಳ ಹೆಸರು ಅದಲುಬದಲಾಗುತ್ತದೆ, ರೂಲ್‌ಗೆ ಗೊತ್ತೇ ಆಗದು.
5. ಈಗ ತಾತ್ಕಾಲಿಕ ಹೆಸರಿನಲ್ಲಿರುವ ಹಳೆಯ ಸೆಟ್ ಡಿಸ್ಟ್ರಾಯ್ ಮಾಡಿ.

ಸ್ವಾಪ್ ಮಾಡದೆ ಡಿಸ್ಟ್ರಾಯ್ ಮಾಡಹೋದರೆ 'ಬಳಕೆಯಲ್ಲಿದೆ' ಎಂಬ ಎರರ್ ಬರುತ್ತದೆ, ಯಾಕೆಂದರೆ ರೂಲ್ ಇನ್ನೂ ಅದನ್ನು ಹಿಡಿದಿದೆ.

ಕರೆಂಟ್ ಹೋಗಿ ಬಂದ ಮೇಲೆ ಫೈರ್‌ವಾಲ್ ರೂಲ್‌ಗಳೇ ಮಾಯ!

ಸೆಟ್‌ಗಳು ಇರುವುದು ಮೆಮೊರಿಯಲ್ಲಿ, ಸೇವ್ ಮಾಡದಿದ್ದರೆ ರೀಬೂಟ್‌ಗೆ ಹೋಗುತ್ತವೆ. ಅಷ್ಟಕ್ಕೇ ಮುಗಿಯುವುದಿಲ್ಲ. ಐಪಿಟೇಬಲ್ಸ್ ರೀಸ್ಟೋರ್ ಓಡುವಾಗ ಒಂದು ರೂಲ್ ಹೇಳುವ ಸೆಟ್ ಇಲ್ಲದಿದ್ದರೆ ಅದು ಆ ಒಂದು ರೂಲ್ ಬಿಟ್ಟು ಮುಂದೆ ಹೋಗುವುದಿಲ್ಲ, ಆ ಟೇಬಲ್ಲೇ ಲೋಡ್ ಆಗುವುದಿಲ್ಲ. ಗೇಟ್‌ವೇ ಬರಿಗೈಯಲ್ಲಿ ನಿಲ್ಲುತ್ತದೆ. ಇಂಟರ್ನೆಟ್ ಮಾತ್ರ ಚೆನ್ನಾಗಿಯೇ ಓಡಬಹುದು, ಹಾಗಾಗಿ ಯಾರಿಗೂ ಅನುಮಾನ ಬರದು.

ಸೆಟ್ ಮೊದಲು, ರೂಲ್ ಆಮೇಲೆ. ಡೆಬಿಯನ್, ಉಬುಂಟುಗಳಲ್ಲಿ ಐಪಿಸೆಟ್-ಪರ್ಸಿಸ್ಟೆಂಟ್ ಪ್ಯಾಕೇಜ್ ಹಾಕಿಕೊಂಡರೆ ಈ ಕ್ರಮ ಅದೇ ಪಾಲಿಸುತ್ತದೆ. ಸ್ವಂತ ಸ್ಕ್ರಿಪ್ಟ್ ಇದ್ದರೆ, ಬೂಟ್‌ನಲ್ಲಿ ಖಾಲಿ ಸೆಟ್‌ಗಳನ್ನಾದರೂ ಮೊದಲು ಹುಟ್ಟಿಸಿ, ರೂಲ್ ಹಾಕಿ, ಇಂಟರ್ನೆಟ್ ಬಂದ ಮೇಲೆ ಪಟ್ಟಿ ತುಂಬಿ.

ಸೆಟ್‌ನಲ್ಲಿ ವಿಳಾಸ ಇದೆ, ಟೆಸ್ಟ್ ಮಾಡಿದರೂ 'ಇದೆ' ಎನ್ನುತ್ತದೆ. ಆದರೂ ಆ ಮನುಷ್ಯ ಒಳಗೇ ಇದ್ದಾನೆ.

ಮೂರು ಕಾರಣ ಸಾಮಾನ್ಯ. ಮೊದಲನೆಯದು, 'ಈಗಾಗಲೇ ಇರುವ ಸಂಪರ್ಕಗಳನ್ನು ಬಿಡು' ಎಂಬ ಎಸ್ಟಾಬ್ಲಿಷ್ಡ್ ರೂಲ್ ನಿಮ್ಮ ಸೆಟ್ ರೂಲ್‌ಗಿಂತ ಮೇಲಿದೆ. ಹೊಸ ಸಂಪರ್ಕ ನಿಲ್ಲುತ್ತದೆ, ಹಳೆಯದು ಓಡುತ್ತಲೇ ಇರುತ್ತದೆ. ಸಂಪರ್ಕಗಳ ಲೆಕ್ಕ ಇಡುವ ಕಾನ್‌ಟ್ರ್ಯಾಕ್‌ನ ಕಮಾಂಡ್‌ನಿಂದ ಆ ವಿಳಾಸದ ಸಂಪರ್ಕಗಳನ್ನು ಡಿಲೀಟ್ ಮಾಡಿ, ಇಲ್ಲವೇ ಬ್ಲಾಕ್‌ಲಿಸ್ಟ್ ರೂಲನ್ನು ರಾ ಟೇಬಲ್‌ನ ಪ್ರೀರೂಟಿಂಗ್‌ಗೆ ಒಯ್ಯಿರಿ. ಅಲ್ಲಿ ಕಾನ್‌ಟ್ರ್ಯಾಕ್‌ಗೂ ಮೊದಲೇ ಬೀಳುತ್ತದೆ, ಸಿಪಿಯುಗೂ ಹಗುರ.

ಎರಡನೆಯದು ಡಾಕರ್, ಪ್ರೋಗ್ರಾಂಗಳನ್ನು ಕಂಟೇನರ್‌ಗಳಲ್ಲಿ ಬೇರೆಬೇರೆಯಾಗಿ ಓಡಿಸುವ ಟೂಲ್. ಕಂಟೇನರ್‌ಗೆ ಹೋಗುವ ಪ್ಯಾಕೆಟ್ ಇನ್‌ಪುಟ್ ಚೈನ್ ಮುಟ್ಟುವುದೇ ಇಲ್ಲ. ರೂಲನ್ನು ಡಾಕರ್-ಯೂಸರ್ ಚೈನ್‌ಗೆ ಹಾಕಬೇಕು. ಮೂರನೆಯದು, ನಿಮ್ಮ ವೆಬ್‌ಸೈಟ್ ಸಿಡಿಎನ್ ಅಥವಾ ರಿವರ್ಸ್ ಪ್ರಾಕ್ಸಿ (ಸರ್ವರ್‌ನ ಮುಂದೆ ನಿಂತು ವಿನಂತಿಗಳನ್ನು ದಾಟಿಸುವ ಯಂತ್ರ) ಹಿಂದೆ ಇದೆ. ಫೈರ್‌ವಾಲ್‌ಗೆ ಕಾಣುವುದು ಪ್ರಾಕ್ಸಿಯ ವಿಳಾಸ, ವೆಬ್ ಲಾಗ್‌ನಲ್ಲಿ ಕಾಣುವುದು ಹೆಡರ್‌ನಿಂದ ತೆಗೆದ ಬೇರೆ ವಿಳಾಸ. ಅಲ್ಲಿ ಸೆಟ್ ಕೆಲಸಕ್ಕೆ ಬಾರದು, ಪ್ರಾಕ್ಸಿಯಲ್ಲೇ ತಡೆಯಬೇಕು.

ಬೋಗನ್ ಪಟ್ಟಿ (ಇಂಟರ್ನೆಟ್‌ನಿಂದ ಬರಬಾರದ ವಿಳಾಸಗಳು) ಹಾಕಿದ ಕೂಡಲೇ ಇಂಟರ್ನೆಟ್ ಹೋಯಿತು. ಐಪಿಗೆ ಪಿಂಗ್ ಮಾತ್ರ ಹೋಗುತ್ತದೆ.

ನಿಮ್ಮ ಡಿಎನ್‌ಎಸ್ ನೋಡಿ. ಊರಿನ ಕೇಬಲ್ ಸಂಪರ್ಕದಲ್ಲಿ ವ್ಯಾನ್ (ಹೊರಗಿನ ಇಂಟರ್ನೆಟ್) ಕಡೆಗೆ 10ರ ಅಥವಾ 100.64.0.0/10ರ ವಿಳಾಸ ಕೊಟ್ಟು, ಡಿಎನ್‌ಎಸ್ ಸರ್ವರೂ ಅದೇ ಖಾಸಗಿ ವಿಳಾಸದಲ್ಲಿ ಇರುವುದುಂಟು. ಬೋಗನ್ ಪಟ್ಟಿಯಲ್ಲಿ ಇವೆರಡೂ ಇರುತ್ತವೆ. ರಾ ಟೇಬಲ್‌ನಲ್ಲಿ ಹಾಕಿದ್ದರೆ ಡಿಎನ್‌ಎಸ್ ಉತ್ತರಗಳೂ ಬೀಳುತ್ತವೆ. ಆ ಸರ್ವರ್ ವಿಳಾಸವನ್ನು ನೋಮ್ಯಾಚ್ ಮಾಡಿ ಸೇರಿಸಿ.

ದೇಶವಾರು ಪಟ್ಟಿಗೆ ಯಾವ ಟೈಪ್?

ಹ್ಯಾಶ್:ನೆಟ್, ಬೇರೆ ಯೋಚನೆಯೇ ಬೇಡ. ಏಷ್ಯಾ-ಪೆಸಿಫಿಕ್ ಭಾಗಕ್ಕೆ ಐಪಿ ವಿಳಾಸ ಹಂಚುವ ಸಂಸ್ಥೆ ಎಪಿನಿಕ್ ಪ್ರಕಟಿಸುವ ಹಂಚಿಕೆಯ ಫೈಲ್‌ನಿಂದ ನೀವೇ ಪಟ್ಟಿ ಮಾಡುವುದಾದರೆ ಒಂದು ಎಚ್ಚರ: ಅಲ್ಲಿ ಐಪಿವಿ4 ಸಾಲುಗಳಲ್ಲಿ ಪ್ರಿಫಿಕ್ಸ್ ಇರುವುದಿಲ್ಲ, ಆರಂಭದ ವಿಳಾಸ ಮತ್ತು ವಿಳಾಸಗಳ ಸಂಖ್ಯೆ ಇರುತ್ತದೆ, ಆ ಸಂಖ್ಯೆ ಯಾವಾಗಲೂ ಎರಡರ ಘಾತವೇ ಆಗಿರಬೇಕಿಲ್ಲ. ಪ್ರಿಫಿಕ್ಸ್ ಲೆಕ್ಕ ಹಾಕುವ ಬದಲು ರೇಂಜ್ ಆಗಿ ಬರೆದು ಐಪಿಸೆಟ್‌ಗೇ ಒಡೆಯಲು ಬಿಡಿ.

ಭಾರತ ಬಿಟ್ಟು ಉಳಿದೆಲ್ಲ ಬ್ಲಾಕ್ ಮಾಡುವವರು ಹೊರಹೋಗುವ ಟ್ರಾಫಿಕ್‌ನ ಉತ್ತರಗಳನ್ನು ಬಿಡಲು ಮರೆಯಬಾರದು. ಇಲ್ಲದಿದ್ದರೆ ನಿಮ್ಮದೇ ಸರ್ವರ್‌ನ ಅಪ್‌ಡೇಟ್ ನಿಲ್ಲುತ್ತದೆ. ಇಂಥ ಪಟ್ಟಿ ಈ ಮೇಲಿನ ರಾ ಟೇಬಲ್‌ಗೆ ತಕ್ಕದ್ದಲ್ಲ.

ಹಲವು ಸೆಟ್‌ಗಳನ್ನು ಒಂದೇ ಹೆಸರಿನಲ್ಲಿ ಕೂಡಿಸಬಹುದೇ?

ಲಿಸ್ಟ್:ಸೆಟ್ ಅದಕ್ಕೇ. ಒಳಗಿನ ಸೆಟ್‌ಗಳನ್ನು ಒಂದಾದ ಮೇಲೆ ಒಂದು ನೋಡುತ್ತದೆ. ಸೈಜ್ ಹೇಳದಿದ್ದರೆ ಎಂಟೇ ಸೆಟ್ ಎಂಬ ಮಿತಿ ಹಳೆಯ ಐಪಿಸೆಟ್‌ನಲ್ಲಿತ್ತು. ಲಿಸ್ಟ್ ಒಳಗೆ ಲಿಸ್ಟ್ ಇಡಲಾಗದು.

ಈಗ ಹೊಸದಾಗಿ ಶುರು ಮಾಡುವವರು ಎನ್‌ಎಫ್‌ಟೇಬಲ್ಸ್‌ಗೇ ಹೋಗಬೇಕೇ?

ಹೋಗಿ. 2014ರ 3.13ನೇ ಕರ್ನಲ್‌ನಿಂದ ಅದಿದೆ, ಸೆಟ್ ಅದರೊಳಗೇ ಇದೆ, ಬೇರೆ ಟೂಲ್ ಬೇಡ. ಓಡುತ್ತಿರುವ ಐಪಿಸೆಟ್ಟನ್ನು ಕಿತ್ತು ಬದಲಿಸುವ ಅವಸರ ಮಾತ್ರ ಬೇಡ.

ಅಲ್ಲಿ ಟೈಪ್ ಹೆಸರು ಆರಿಸುವ ಬದಲು ಗುಣ ಹೇಳುತ್ತೀರಿ. ಬಿಡಿ ವಿಳಾಸ ಮಾತ್ರವಾದರೆ ಸಾದಾ ಸೆಟ್. ಸಬ್‌ನೆಟ್ ಅಥವಾ ರೇಂಜ್ ಇದ್ದರೆ ಇಂಟರ್‌ವಲ್ ಫ್ಲ್ಯಾಗ್. ಇದನ್ನು ಮರೆತು /24 ಸೇರಿಸಹೋದರೆ ಎರರ್ ಬರುತ್ತದೆ. ಇಂಟರ್‌ವಲ್ ಸೆಟ್ ಒಂದರೊಳಗೊಂದು ಬರುವ ಎಂಟ್ರಿಗಳನ್ನು ಒಪ್ಪುವುದಿಲ್ಲ; ಬೇರೆ ಬೇರೆ ಮೂಲಗಳ ಬ್ಲಾಕ್‌ಲಿಸ್ಟ್ ಕೂಡಿಸಿದಾಗ 'ಇಂಟರ್‌ವಲ್‌ಗಳು ಒಂದಕ್ಕೊಂದು ತಾಗುತ್ತಿವೆ' ಎಂದು ಇಡೀ ಫೈಲ್ ತಿರಸ್ಕಾರವಾಗುತ್ತದೆ. ಆಟೋ-ಮರ್ಜ್ ಹಾಕಿದರೆ ಅದೇ ಕೂಡಿಸಿಕೊಳ್ಳುತ್ತದೆ. ಆಗ ಲಿಸ್ಟ್ ತೆಗೆದರೆ ನೀವು ಹಾಕಿದ ಸಾಲುಗಳು ಹಾಗೆಯೇ ಕಾಣುವುದಿಲ್ಲ, ಪಕ್ಕಪಕ್ಕದವು ಕೂಡಿ ಒಂದಾಗಿರುತ್ತವೆ. ಸ್ಕ್ರಿಪ್ಟ್‌ನಲ್ಲಿ ಹಾಕಿದ್ದನ್ನೂ ಬಂದದ್ದನ್ನೂ ಸಾಲು ಸಾಲು ಹೋಲಿಸುವವರು ಇಲ್ಲಿ ಎಡವುತ್ತಾರೆ. ಐಪಿಸೆಟ್‌ನ ನೋಮ್ಯಾಚ್ ಇಲ್ಲಿಲ್ಲ, ಬಿಡಬೇಕಾದ್ದಕ್ಕೆ ಬೇರೆ ಸೆಟ್ ಮಾಡಿ ಅದರ ರೂಲನ್ನು ಮೇಲೆ ಇಡಿ.

ಐಪಿ ಮತ್ತು ಪೋರ್ಟ್ ಜೋಡಿಸಲು ನಡುವೆ ಚುಕ್ಕೆ ಇಟ್ಟು ಬರೆದರಾಯಿತು. ಜೋಡಿಯೊಳಗೆ ಸಬ್‌ನೆಟ್ ಅಥವಾ ಪೋರ್ಟ್ ರೇಂಜ್ ಬೇಕೆಂದರೆ 2020ರ 5.6ನೇ ಕರ್ನಲ್ ಅಥವಾ ಅದರ ನಂತರದ್ದು ಬೇಕು.

ಸ್ವಾಪ್‌ನ ತಂತ್ರವೂ ಬೇಡ. ಒಂದೇ ಫೈಲ್‌ನಲ್ಲಿ ಫ್ಲಷ್ ಸೆಟ್ ಸಾಲು, ಅದರ ಕೆಳಗೆ ಎಲ್ಲ ಎಂಟ್ರಿಗಳ ಒಂದೇ ಆ್ಯಡ್ ಎಲಿಮೆಂಟ್ ಸಾಲು ಬರೆದು ಒಟ್ಟಿಗೆ ಲೋಡ್ ಮಾಡಿದರೆ ಎಲ್ಲವೂ ಒಂದೇ ಏಟಿಗೆ ಆಗುತ್ತದೆ, ಒಂದು ಸಾಲು ತಪ್ಪಿದ್ದರೆ ಯಾವುದೂ ಲೋಡ್ ಆಗದೆ ಹಳೆಯದೇ ಉಳಿಯುತ್ತದೆ.

ಪಿಎಫ್ ಅಥವಾ ಮೈಕ್ರೋಟಿಕ್ ಇದ್ದರೆ?

ಪಿಎಫ್‌ನಲ್ಲಿ ಆರಿಸುವ ತಲೆನೋವಿಲ್ಲ. ಟೇಬಲ್ ರ‍್ಯಾಡಿಕ್ಸ್ ಮರದಲ್ಲಿ ಇರುವುದರಿಂದ ಬಿಡಿ ವಿಳಾಸ, ಸಬ್‌ನೆಟ್ ಎಲ್ಲ ಒಟ್ಟಿಗೆ ಹಾಕಬಹುದು, ಬಿಡಬೇಕಾದ್ದಕ್ಕೆ ಮುಂದೆ ಆಶ್ಚರ್ಯಚಿಹ್ನೆ. ಒಟ್ಟು ಎಂಟ್ರಿಗಳ ಮೂಲ ಮಿತಿ 2,00,000. ದೊಡ್ಡ ಪಟ್ಟಿ ಮತ್ತೆ ಲೋಡ್ ಆಗುವಾಗ ಹಳೆಯದೂ ಹೊಸದೂ ಒಟ್ಟಿಗೆ ಇರುವುದರಿಂದ ಬೇಕಾದ್ದರ ಎರಡರಷ್ಟು ಇಡಿ. 'ಮೆಮೊರಿ ಸಿಗಲಿಲ್ಲ' ಎಂಬ ಎರರ್ ಬಂದರೆ ರ‍್ಯಾಮ್ ಕೊಳ್ಳಲು ಹೋಗುವ ಮೊದಲು ಈ ಮಿತಿ ನೋಡಿ.

ಮೈಕ್ರೋಟಿಕ್‌ನಲ್ಲಿ ಅಡ್ರೆಸ್-ಲಿಸ್ಟ್ ಒಂದೇ, ವಿಳಾಸ, ಸಬ್‌ನೆಟ್, ರೇಂಜ್ ಎಲ್ಲ ಹಿಡಿಯುತ್ತದೆ. ಟೈಮ್‌ಔಟ್ ಇರುವ ಎಂಟ್ರಿಗಳು ಡೈನಮಿಕ್. ರೀಬೂಟ್ ಆದರೆ ಹೋಗುತ್ತವೆ, ಎಕ್ಸ್‌ಪೋರ್ಟ್‌ನಲ್ಲೂ ಬರುವುದಿಲ್ಲ.

ದೂರದಿಂದ ಕೆಲಸ ಮಾಡುವಾಗ ನಾನೇ ಹೊರಗೆ ಬಿದ್ದರೆ?

ಮೈಸೂರಿನಲ್ಲಿ ಕೂತು ನಾಗಮಂಗಲದ ಗೇಟ್‌ವೇ ಮುಟ್ಟುವ ಮೊದಲು ಎರಡು ಕೆಲಸ. ನಿಮ್ಮ ವಿಳಾಸಕ್ಕೆ ಬ್ಲಾಕ್‌ಲಿಸ್ಟ್‌ಗಿಂತ ಮೇಲೆ ಅಕ್ಸೆಪ್ಟ್ ರೂಲ್ ಇಡಿ. ಆಮೇಲೆ ಆಟ್ ಕಮಾಂಡ್‌ನಿಂದ ಹತ್ತು ನಿಮಿಷಕ್ಕೆ ಹೊಸ ರೂಲ್ ತೆಗೆಯುವ ಕೆಲಸ ನಿಗದಿ ಮಾಡಿ, ಅದಾದ ಮೇಲಷ್ಟೇ ರೂಲ್ ಹಾಕಿ. ಎಲ್ಲ ಸರಿ ಇದ್ದರೆ ಹೊಸದೊಂದು ಎಸ್‌ಎಸ್‌ಎಚ್ ಕಿಟಕಿ ತೆರೆದು ಒಳಹೋಗಿ ನೋಡಿ. ಈಗಾಗಲೇ ತೆರೆದಿರುವ ಕಿಟಕಿ ಎಸ್ಟಾಬ್ಲಿಷ್ಡ್ ರೂಲ್‌ನಿಂದ ಓಡುತ್ತಿರುತ್ತದೆ, ಅದನ್ನು ನಂಬಬೇಡಿ. ಒಳಗೆ ಹೋಗಲು ಆಯಿತೆಂದರೆ ನಿಗದಿ ಮಾಡಿದ ಕೆಲಸ ರದ್ದು ಮಾಡಿ, ಸೆಟ್ ಮತ್ತು ರೂಲ್ ಎರಡನ್ನೂ ಸೇವ್ ಮಾಡಿ.